ಕಡಲಿನೊಳಗಿನ ಗದ್ದಲ

ಮೂವತ್ತು ವರ್ಷ ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದವನು ನಾನು. ಅಲ್ಲಿನ ಸದ್ದಿಗೆ ಎಡಗಿವಿ ಹೆಚ್ಚುಕಡಿಮೆ ಹೋಗಿದೆ. ಅದಕ್ಕೇ ಮೊಮ್ಮಗಳು ಏನು ಹೇಳುವುದಿದ್ದರೂ ಬಲಗಡೆ ಬಂದೇ ಹೇಳುತ್ತಾಳೆ. ಮೊನ್ನೆ ಪಣಂಬೂರು ಕಡಲ ತೀರದಲ್ಲಿ ಹಾಗೆಯೇ ಬಂದು ಕೇಳಿದಳು: "ಅಜ್ಜ, ಎಂಜಿನ್ ಸದ್ದಿಗೆ ನಿಮ್ಮ ಕಿವಿ ಹಾಳಾಯ್ತಲ್ಲ, ಹಾಗಾದ್ರೆ ನೀರಿನೊಳಗೆ ಇರುವವರಿಗೆ ಏನಾಗ್ತದೆ?"

ಎಂಜಿನ್ ಸದ್ದು ಹಡಗಿನೊಳಗೇ ಉಳಿಯುತ್ತದೆ ಎಂದುಕೊಂಡು ನೌಕರಿ ಮುಗಿಸಿದವನು ನಾನು. ನಿಜ ಬೇರೆಯೇ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡಿದರೆ ನೀರಿನಲ್ಲಿ ಸುಮಾರು 1500 ಮೀಟರ್ ಓಡುತ್ತದೆ, ಬಹಳ ದೂರಕ್ಕೂ ಹೋಗುತ್ತದೆ. ಬೆಳಕು ಹಾಗಲ್ಲ, ಸ್ವಲ್ಪ ಆಳಕ್ಕೆ ಇಳಿದರೆ ಕತ್ತಲೆ. ಆದ್ದರಿಂದ ತಿಮಿಂಗಿಲ, ಡಾಲ್ಫಿನ್‌ಗಳಿಗೆ ಕಿವಿಯೇ ಕಣ್ಣು. ಮರಿಯನ್ನು ಕರೆಯುವುದು, ಜೊತೆಗಾರರನ್ನು ಹುಡುಕುವುದು ಎಲ್ಲವೂ ಶಬ್ದದಿಂದ.

ಹಡಗಿನ ಗದ್ದಲದಲ್ಲಿ ಎಂಜಿನ್ನಿನದೂ ಪಾಲು ಉಂಟು. ಆದರೆ ದೊಡ್ಡ ಪಾಲು ಪ್ರೊಪೆಲ್ಲರಿನದು. ಅದು ಜೋರಾಗಿ ತಿರುಗುವಾಗ ರೆಕ್ಕೆಯ ಹಿಂದೆ ಒತ್ತಡ ಇಳಿದು, ತಣ್ಣಗಿನ ನೀರೇ ಕುದಿದಂತೆ ಗುಳ್ಳೆಗಳೇಳುತ್ತವೆ. ಮರುಕ್ಷಣವೇ ಅವು ಕುಸಿದು ಸಿಡಿಯುತ್ತವೆ. ಒಲೆಯ ಮೇಲಿನ ನೀರು ಕುದಿಯುವ ಮೊದಲು ಪಾತ್ರೆ ಸಣ್ಣಗೆ ಹಾಡುತ್ತದಲ್ಲ, ಅದೂ ಗುಳ್ಳೆ ಕುಸಿಯುವ ಸದ್ದೇ. ರಿಪೇರಿಗೆಂದು ಹಡಗನ್ನು ನೀರಿನಿಂದ ಮೇಲೆತ್ತಿದಾಗ ನೋಡಿದ್ದೇನೆ, ಗಟ್ಟಿ ಕಂಚಿನ ರೆಕ್ಕೆಯನ್ನು ಈ ಗುಳ್ಳೆಗಳು ಗೆದ್ದಲು ತಿಂದಂತೆ ತಿಂದಿರುತ್ತವೆ.

ಇದರಿಂದ ತಿಮಿಂಗಿಲಗಳಿಗೆ ಎಷ್ಟು ಕಷ್ಟ ಎಂಬುದು ತಿಳಿದದ್ದು ಒಂದು ದುರಂತದ ನಡುವೆ. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ದಾಳಿಯಾದ ಮೇಲೆ ಕೆಲವು ದಿನ ಹಡಗುಗಳ ಓಡಾಟವೂ ಕಡಿಮೆಯಾಯಿತು. ಕೆನಡಾದ ಫಂಡಿ ಕೊಲ್ಲಿಯಲ್ಲಿ ಆಗ ವಿಜ್ಞಾನಿಗಳು ರೈಟ್ ತಿಮಿಂಗಿಲಗಳ ಸಗಣಿ ಸಂಗ್ರಹಿಸುತ್ತಿದ್ದರು. ನಗಬೇಡಿ ಮಕ್ಕಳೇ, ಅದು ನೀರಿನ ಮೇಲೆ ತೇಲುತ್ತದೆ. ಮುಂದೆ ಅದನ್ನು ಮೂಸಿ ಹುಡುಕಲು ದೋಣಿಯಲ್ಲಿ ನಾಯಿಗಳನ್ನೂ ಕರೆದೊಯ್ದರು! ಭಯ, ಒತ್ತಡ ಉಂಟಾದಾಗ ದೇಹದಲ್ಲಿ ಹೆಚ್ಚುವ ಹಾರ್ಮೋನು ಸಗಣಿಯಲ್ಲೂ ಸಿಗುತ್ತದೆ. ಆ ದಿನಗಳಲ್ಲಿ ನೀರಿನೊಳಗಿನ ಗದ್ದಲ 6 ಡೆಸಿಬಲ್ ಇಳಿದಿತ್ತು, ಅಂದರೆ ಶಬ್ದದ ಒತ್ತಡ ಅರ್ಧಕ್ಕರ್ಧ. ತಿಮಿಂಗಿಲಗಳ ಒತ್ತಡದ ಹಾರ್ಮೋನೂ ಇಳಿದಿತ್ತು. ಮುಂದಿನ ವರ್ಷಗಳಲ್ಲಿ ಅದೇ ಕಾಲಕ್ಕೆ ಹಾಗೆ ಇಳಿಯಲಿಲ್ಲ. ಈ ಎರಡನ್ನೂ ಹೊಂದಿಸಿ ನೋಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಈ ಜಾತಿಯ ತಿಮಿಂಗಿಲಗಳು ಇಂದು ಅಟ್ಲಾಂಟಿಕ್‌ನ ಉತ್ತರ ಭಾಗದಲ್ಲಿ 400ಕ್ಕಿಂತ ಕಡಿಮೆ ಉಳಿದಿವೆ.

ಸದ್ದು ಅಡಗಿಸುವ ವಿದ್ಯೆ ಮನುಷ್ಯನಿಗೆ ಗೊತ್ತಿಲ್ಲ ಎನ್ನುವ ಹಾಗಿಲ್ಲ. ಜಲಾಂತರ್ಗಾಮಿಗಳನ್ನು ನೋಡಿ. ಅಲ್ಲಿ ಸದ್ದು ಮಾಡಿದರೆ ಶತ್ರುವಿಗೆ ಸಿಕ್ಕಿಬಿದ್ದ ಹಾಗೆ. ಅದಕ್ಕೇ ಯಂತ್ರಗಳನ್ನು ನೇರವಾಗಿ ಹೊರಗಿನ ಚಿಪ್ಪಿಗೆ ಬಿಗಿಯದೆ, ರಬ್ಬರಿನ ಮೇಲೆ ಕೂರಿಸಿದ ಕಟ್ಟೆಯ ಮೇಲೆ ಇಡುತ್ತಾರೆ. ನಮ್ಮ ಮನೆಯಾಕೆ ಗ್ರೈಂಡರಿನ ಅಡಿಗೆ ಗೋಣಿ ಮಡಚಿ ಇಡುವುದೂ ಇದೇ ಉಪಾಯ. ಹೊರಮೈಗೆ ರಬ್ಬರಿನ ಹೆಂಚು ಹೊದಿಸುತ್ತಾರೆ. ಪ್ರೊಪೆಲ್ಲರಿಗೆ ಕತ್ತಿಯ ಹಾಗೆ ಬಾಗಿದ ಏಳು ರೆಕ್ಕೆ ಮಾಡಿ ನಿಧಾನಕ್ಕೆ ತಿರುಗಿಸುವುದುಂಟು. ಅಪಾಯದ ಹೊತ್ತಿನಲ್ಲಿ ಬೇಡದ ಯಂತ್ರಗಳೆಲ್ಲ ಬಂದ್, ಮಾತೂ ಮೆಲ್ಲಗೆ.

ಸರಕು ಹಡಗಿಗೆ ಇಷ್ಟೆಲ್ಲ ಖರ್ಚು ಮಾಡುವವರಾರು? ಒಳ್ಳೆಯ ಆಕಾರದ ಪ್ರೊಪೆಲ್ಲರ್ ಹಾಕಿ, ಅದನ್ನು ಆಗಾಗ ಉಜ್ಜಿ ಶುಚಿಯಾಗಿಟ್ಟರೂ ಗುಳ್ಳೆ ಕಡಿಮೆ. ಖರ್ಚೇ ಇಲ್ಲದ ದಾರಿಯೆಂದರೆ ನಿಧಾನ. ಕೆನಡಾದ ವ್ಯಾಂಕೂವರ್ ಬಳಿ 2017ರಿಂದ ಓರ್ಕಾ ತಿಮಿಂಗಿಲಗಳು ಬರುವ ಕಾಲದಲ್ಲಿ ವೇಗ ಇಳಿಸಿ ಎಂದು ಹಡಗುಗಳನ್ನು ಕೇಳಿಕೊಳ್ಳುತ್ತಾರೆ. ಕಡ್ಡಾಯವಲ್ಲ, ಆದರೂ ಹೆಚ್ಚಿನವರು ಒಪ್ಪುತ್ತಾರೆ. ಅಲ್ಲಿ ಗದ್ದಲ ಇಳಿದಿದೆ. ಅಂತರರಾಷ್ಟ್ರೀಯ ನೌಕಾಯಾನ ಸಂಸ್ಥೆ ಸದ್ದು ತಗ್ಗಿಸಲು 2014ರಲ್ಲಿ ಮಾಡಿದ ಸೂಚನೆಗಳೂ ಕಡ್ಡಾಯವಲ್ಲ. ಅವನ್ನು 2023ರಲ್ಲಿ ಪರಿಷ್ಕರಿಸಿದರೂ ಅಷ್ಟೇ. ನನ್ನ ಕಾಲದಲ್ಲಿ ಯಾರಾದರೂ ನಿಧಾನ ಎಂದಿದ್ದರೆ ನಮ್ಮ ಕ್ಯಾಪ್ಟನ್ ಗಡಿಯಾರ ತೋರಿಸುತ್ತಿದ್ದರು.

ಇಷ್ಟನ್ನೂ ಮೊಮ್ಮಗಳಿಗೆ ಹೇಳಿದೆ. ನಮ್ಮ ಕರಾವಳಿಯಲ್ಲೂ ಗೂನು ಬೆನ್ನಿನ ಡಾಲ್ಫಿನ್‌ಗಳುಂಟು ಎಂದೂ ಹೇಳಿದೆ. ಅವಳು ದೂರದಲ್ಲಿ ಬಂದರಿಗೆ ಕಾದು ನಿಂತಿದ್ದ ಹಡಗುಗಳನ್ನು ಎಣಿಸಿದಳು.

"ಅವು ಲಂಗರು ಹಾಕಿ ನಿಂತಿವೆಯಲ್ಲ ಅಜ್ಜ, ಈಗ ಸದ್ದಿಲ್ಲ ತಾನೇ?"

"ಪ್ರೊಪೆಲ್ಲರ್ ನಿಂತಿದೆ ಮಗಾ. ಜನರೇಟರ್ ಓಡ್ತಾ ಉಂಟು."