ಮಸಾಯಿ ಮಾರಾ ಸಫಾರಿ: ಮುಂಗಡ ಕೊಡುವ ಮೊದಲು

ಮಾರಾಟದ ಗುರಿ ಮುಟ್ಟಿದ ವಿತರಕರನ್ನು ಹೊರದೇಶದ ಪ್ರವಾಸಕ್ಕೆ ಕರೆದೊಯ್ಯುವ ಪದ್ಧತಿ ವ್ಯಾಪಾರ ವಲಯಕ್ಕೆ ಹೊಸದಲ್ಲ. ಬ್ಯಾಂಕಾಕ್, ಸಿಂಗಪುರ, ದುಬೈಗಳನ್ನು ಒಂದೆರಡು ಬಾರಿ ನೋಡಿಬಂದವರ ಮುಂದೆ ಏಜೆಂಟರು ಈಗ ಇಡುವ ಪಟ್ಟಿಯಲ್ಲಿ ಕೀನ್ಯಾ ದೇಶದ ಮಸಾಯಿ ಮಾರಾ ಇರುತ್ತದೆ. ನಗರಪ್ರವಾಸಕ್ಕೂ ಸಫಾರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ನಗರದಲ್ಲಿ ಹೋಟೆಲು ಸರಿಯಿಲ್ಲದಿದ್ದರೆ ಸಂಜೆಯೊಳಗೆ ಬೇರೆಯದನ್ನು ಹಿಡಿಯಬಹುದು. ಹುಲ್ಲುಗಾವಲಿನ ನಡುವೆ ತಿಂಗಳು ತಪ್ಪಿದರೆ, ತಂಗುದಾಣ ತಪ್ಪಿದರೆ, ವಾಹನ ತಪ್ಪಿದರೆ ಅಲ್ಲಿ ನಿಂತು ತಿದ್ದಲು ಸಾಧ್ಯವಿಲ್ಲ. ಆಗಬೇಕಾದ ತೀರ್ಮಾನಗಳೆಲ್ಲ ಮುಂಗಡ ಕೊಡುವ ಮೊದಲೇ ಆಗಬೇಕು.

ಮಸಾಯಿ ಮಾರಾ ರಾಷ್ಟ್ರೀಯ ಮೀಸಲು ಪ್ರದೇಶವು ಕೀನ್ಯಾದ ನೈಋತ್ಯ ಮೂಲೆಯಲ್ಲಿ, ನಾರೋಕ್ ಕೌಂಟಿಯಲ್ಲಿದೆ. ವಿಸ್ತೀರ್ಣ ಸುಮಾರು 1,510 ಚದರ ಕಿಲೋಮೀಟರು. ದಕ್ಷಿಣಕ್ಕೆ ಟಾಂಜಾನಿಯಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನ ಇದಕ್ಕೆ ಅಂಟಿಕೊಂಡಿದ್ದು, ಅದರ ವಿಸ್ತಾರ ಮಾರಾದ ಸುಮಾರು ಹತ್ತು ಪಟ್ಟು. ಎರಡರ ನಡುವೆ ಬೇಲಿಯಿಲ್ಲ, ಪ್ರಾಣಿಗಳಿಗೆ ಗಡಿಯಿಲ್ಲ. ಪ್ರವಾಸಿಗರಿಗೆ ಮಾತ್ರ ಗಡಿಯಿದೆ. ಮೀಸಲು ಪ್ರದೇಶದೊಳಗಿಂದ ನೇರವಾಗಿ ಸೆರೆಂಗೆಟಿಗೆ ದಾಟಲು ಅನುಮತಿಯಿಲ್ಲ. ಇಸೆಬಾನಿಯಾ ಅಥವಾ ನಮಂಗಾ ಗಡಿಠಾಣೆಯ ಮೂಲಕ ಸುತ್ತಿ ಹೋಗಬೇಕು, ಟಾಂಜಾನಿಯಾದ ವೀಸಾ ಬೇರೆ ಪಡೆಯಬೇಕು. ಕೀನ್ಯಾ, ಉಗಾಂಡ, ರುವಾಂಡಗಳಿಗೆ ಸಲ್ಲುವ ಪೂರ್ವ ಆಫ್ರಿಕ ಪ್ರವಾಸಿ ವೀಸಾ ಟಾಂಜಾನಿಯಾಕ್ಕೆ ಸಲ್ಲುವುದಿಲ್ಲ. ಐದು ದಿನಗಳಲ್ಲಿ ಎರಡನ್ನೂ ತೋರಿಸುತ್ತೇವೆ ಎನ್ನುವ ಕಾರ್ಯಕ್ರಮದಲ್ಲಿ ಹೆಚ್ಚಿನ ಹೊತ್ತು ರಸ್ತೆಯಲ್ಲೇ ಕಳೆಯುತ್ತದೆ.

ಯಾವ ತಿಂಗಳು

ಮಾರಾದ ಹೆಸರು ಲೋಕಕ್ಕೆ ತಿಳಿದಿರುವುದು ಮಹಾವಲಸೆಯಿಂದ. ಹತ್ತು ಲಕ್ಷಕ್ಕೂ ಮೀರಿದ ವೈಲ್ಡ್‌ಬೀಸ್ಟ್‌ಗಳು, ಅವುಗಳ ಜೊತೆಗೆ ಜೀಬ್ರಾ ಮತ್ತು ಗಜೆಲ್‌ಗಳು, ಮಳೆ ಮತ್ತು ಹಸಿರು ಹುಲ್ಲನ್ನು ಅರಸುತ್ತ ವರ್ಷವಿಡೀ ಸುತ್ತುತ್ತವೆ. ವರ್ಷದ ಮೊದಲ ತಿಂಗಳುಗಳಲ್ಲಿ ದಕ್ಷಿಣ ಸೆರೆಂಗೆಟಿಯಲ್ಲಿ ಕರು ಹಾಕುವ ಈ ಹಿಂಡುಗಳು ಸಾಮಾನ್ಯವಾಗಿ ಜುಲೈ ತಿಂಗಳಲ್ಲಿ ಮಾರಾಕ್ಕೆ ಬಂದು ಅಕ್ಟೋಬರ್‌ವರೆಗೆ ಇರುತ್ತವೆ. ಮೊಸಳೆಗಳು ಕಾದಿರುವ ಮಾರಾ ನದಿಯನ್ನು ಅವು ದಾಟುವ ದೃಶ್ಯವನ್ನೇ ಪ್ರತಿಯೊಂದು ಕರಪತ್ರದ ಮುಖಪುಟದಲ್ಲೂ ಕಾಣಬಹುದು. ಆದರೆ ಹಿಂಡು ಯಾವ ದಿನ, ಯಾವ ಕಡವಿನಲ್ಲಿ ಇಳಿಯುತ್ತದೆಂದು ಯಾರೂ ಹೇಳಲಾರರು. ದಡದವರೆಗೆ ಬಂದು ಗಂಟೆಗಟ್ಟಲೆ ನಿಂತು ಹಿಂತಿರುಗುವುದೂ ಉಂಟು. ನದಿ ದಾಟುವುದನ್ನು ಖಚಿತವಾಗಿ ತೋರಿಸುತ್ತೇವೆಂದು ಬರೆದುಕೊಡುವ ಏಜೆಂಟನ ಮಿಕ್ಕ ಮಾತುಗಳನ್ನೂ ಸಂಶಯದಿಂದಲೇ ಕೇಳಬೇಕು.

ನಮ್ಮ ಕಡೆಯ ವರ್ತಕರಿಗೆ ಇಲ್ಲೊಂದು ಅನುಕೂಲವಿದೆ. ಆಷಾಢದಲ್ಲಿ ಮದುವೆ, ಗೃಹಪ್ರವೇಶಗಳಿಲ್ಲದೆ ಅನೇಕ ವ್ಯಾಪಾರಗಳು ಮಂದವಾಗಿರುತ್ತವೆ. ಆ ಬಿಡುವು ಮುಗಿಯುವ ಹೊತ್ತಿಗೆ ಮಾರಾದಲ್ಲಿ ಹಿಂಡುಗಳು ಸೇರತೊಡಗುತ್ತವೆ. ಅನನುಕೂಲವೂ ಅಲ್ಲೇ ಇದೆ. 2024ರಲ್ಲಿ ಜಾರಿಗೆ ಬಂದ ದರಪಟ್ಟಿಯಂತೆ ವಿದೇಶಿ ವಯಸ್ಕರಿಗೆ ಮೀಸಲು ಪ್ರದೇಶದ ಪ್ರವೇಶಶುಲ್ಕ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. 20 ಮಂದಿಯ ತಂಡವೊಂದು ಮೂರು ದಿನ ಇದ್ದರೆ ಜೂನ್ ಕೊನೆಯಲ್ಲಿ 6,000 ಡಾಲರ್. ಅದೇ ತಂಡ ಒಂದು ವಾರ ತಡವಾಗಿ ಹೋದರೆ 12,000 ಡಾಲರ್. ಊಟ, ವಸತಿ, ವಾಹನಗಳ ಖರ್ಚು ಇದರ ಮೇಲೆ.

ವಲಸೆಯ ಹಿಂಡೇ ಬೇಕೆಂಬ ಹಟವಿಲ್ಲದವರಿಗೆ ಜನವರಿ ಮತ್ತು ಫೆಬ್ರವರಿ ಒಳ್ಳೆಯ ತಿಂಗಳುಗಳು. ಸಿಂಹ, ಚಿರತೆ, ಚೀತಾ, ಆನೆ, ಕಾಡೆಮ್ಮೆ, ಜಿರಾಫೆ, ನೀರಾನೆಗಳು ವರ್ಷವಿಡೀ ಅಲ್ಲಿಯೇ ಇರುತ್ತವೆ. ಮಳೆ ಕಡಿಮೆ, ಜನಸಂದಣಿ ಕಡಿಮೆ, ಶುಲ್ಕ ಅರ್ಧ. ಮಾರ್ಚ್ ಕೊನೆಯಿಂದ ಮೇವರೆಗೆ ದೊಡ್ಡ ಮಳೆ. ಆಗ ತಂಗುದಾಣಗಳು ಭಾರಿ ರಿಯಾಯಿತಿ ಕೊಡುತ್ತವೆ. ಮಾರಾದ ನೆಲದಲ್ಲಿ ಬಹುಭಾಗ ಕಪ್ಪು ಎರೆಮಣ್ಣು. ಮಳೆ ಬಿದ್ದ ಎರೆಯಲ್ಲಿ ಗಾಡಿ ಹೂತರೆ ಏನಾಗುತ್ತದೆಂದು ಧಾರವಾಡ, ಗದಗ, ವಿಜಯಪುರದ ಕಡೆಯವರಿಗೆ ವಿವರಿಸಬೇಕಾಗಿಲ್ಲ.

ಒಳಗೋ ಹೊರಗೋ

ಒಂದೇ ಬಗೆಯದೆಂದು ಕಾಣುವ ಎರಡು ದರಪತ್ರಗಳ ನಡುವಿನ ಅಂತರಕ್ಕೆ ಸಾಮಾನ್ಯ ಕಾರಣ ತಂಗುದಾಣದ ಸ್ಥಳ. ಈಗಿನ ಟಿಕೆಟ್ ಬೆಳಗಿನ 6ರಿಂದ ಸಂಜೆ 6ರವರೆಗಿನ ಹನ್ನೆರಡು ಗಂಟೆಗೆ ಮಾತ್ರ ಸಲ್ಲುತ್ತದೆ. ಹಿಂದೆ ಅದು 24 ಗಂಟೆಯದಾಗಿತ್ತು. ಒಳಗೆ ತಂಗಿದವರು ಹೊರಡುವ ದಿನ ಬೆಳಗ್ಗೆ 10ರೊಳಗೆ ಗೇಟು ದಾಟಿದರೆ ಆ ದಿನದ ಶುಲ್ಕವಿಲ್ಲ. ತಡವಾದರೆ ತಲೆಗೆ ಇನ್ನೂ 200 ಡಾಲರ್. ಹೊರಗೆ ತಂಗುವವರಿಗೆ ಕೊಠಡಿ ಅಗ್ಗ, ಆದರೆ ಒಳಹೊಕ್ಕ ಪ್ರತಿ ದಿನಕ್ಕೂ ಟಿಕೆಟು ಬೇಕು. ಮುಂಜಾವಿನ ಅಮೂಲ್ಯ ಹೊತ್ತು ಗೇಟಿನ ಸಾಲಿನಲ್ಲಿ ಹೋಗುತ್ತದೆ. ದರಪತ್ರದಲ್ಲಿ ಪ್ರವೇಶಶುಲ್ಕ ಸೇರಿದೆಯೇ, ಎಷ್ಟು ದಿನಗಳದು, ಕೊನೆಯ ದಿನ ಎಷ್ಟು ಗಂಟೆಗೆ ಹೊರಡುವುದು ಎಂಬ ಮೂರು ಪ್ರಶ್ನೆಗಳನ್ನು ಬರಹದಲ್ಲಿ ಕೇಳಿ, ಬರಹದಲ್ಲಿಯೇ ಉತ್ತರ ಪಡೆಯಬೇಕು.

ಮೂರನೆಯ ಆಯ್ಕೆಯೊಂದು ಇದೆ. ಉದ್ದಿಮೆದಾರರ ಕುತೂಹಲಕ್ಕೆ ಯೋಗ್ಯವಾದದ್ದೂ ಅದೇ. ಮೀಸಲು ಪ್ರದೇಶದ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಮಸಾಯಿ ಜನರು ತಮ್ಮ ಖಾಸಗಿ ಜಮೀನುಗಳನ್ನು ಒಟ್ಟುಗೂಡಿಸಿ ಪ್ರವಾಸ ಸಂಸ್ಥೆಗಳಿಗೆ ಗುತ್ತಿಗೆಗೆ ಕೊಟ್ಟಿದ್ದಾರೆ. ಮಾರಾ ನಾರ್ತ್, ನಬೋಯಿಶೋ, ಓಲಾರೆ ಮೊಟೊರೋಗಿ ಇಂಥ ಕನ್ಸರ್ವೆನ್ಸಿಗಳು. ಜಮೀನಿನ ಒಡೆಯನಿಗೆ ನಿಗದಿತ ಬಾಡಿಗೆ ಸಲ್ಲುತ್ತದೆ. ಪ್ರತಿಯಾಗಿ ಬೇಲಿ ಹಾಕದೆ, ಉಳದೆ, ಮೇವಿನ ನಿಯಮ ಪಾಲಿಸಿ ನೆಲವನ್ನು ಪ್ರಾಣಿಗಳಿಗೆ ಬಿಡಬೇಕು. ಡೇರೆಗಳ ಸಂಖ್ಯೆಗೆ ಮಿತಿಯಿರುವುದರಿಂದ ವಾಹನಗಳು ವಿರಳ. ಮೀಸಲು ಪ್ರದೇಶದಲ್ಲಿ ನಿಷಿದ್ಧವಾದ ರಾತ್ರಿ ಸಫಾರಿ ಇಲ್ಲಿ ಸಿಗುತ್ತದೆ. ದರ ಮಾತ್ರ ಏರುಮುಖ. 2020ರಲ್ಲಿ ಕೋವಿಡ್‌ನಿಂದ ಪ್ರವಾಸಿಗರು ನಿಂತಾಗ ಬಾಡಿಗೆಗೆ ಕುತ್ತು ಬಂತು. ಒಂದೇ ಗಿರಾಕಿಯನ್ನು ನಂಬಿದ ಕಾರ್ಖಾನೆಯ ಕಷ್ಟ ಬಲ್ಲವರಿಗೆ ಅದರ ಅರ್ಥ ಬೇಗ ಆದೀತು.

ವಾಹನ, ದಾರಿ

ನೈರೋಬಿಯಿಂದ ನಾರೋಕ್ ಮಾರ್ಗವಾಗಿ ರಸ್ತೆಯಲ್ಲಿ ಐದಾರು ಗಂಟೆ. ವಿಲ್ಸನ್ ವಿಮಾನನಿಲ್ದಾಣದಿಂದ ಸಣ್ಣ ವಿಮಾನದಲ್ಲಿ ಮುಕ್ಕಾಲು ಗಂಟೆ. ಆದರೆ ಸಾಮಾನು ಸಾಮಾನ್ಯವಾಗಿ ತಲೆಗೆ 15 ಕಿಲೋ, ಅದೂ ಮೆತ್ತನೆಯ ಚೀಲದಲ್ಲಿ. ಗಟ್ಟಿ ಸೂಟ್‌ಕೇಸನ್ನು ನೈರೋಬಿಯ ಹೋಟೆಲಿನಲ್ಲಿ ಇಟ್ಟು ಹೋಗಬೇಕಾದೀತು. ಹಿರಿಯ ವಯಸ್ಸಿನವರು, ಬೆನ್ನುನೋವಿನವರು ತಂಡದಲ್ಲಿದ್ದರೆ ಒಂದು ಕಡೆಯ ಪ್ರಯಾಣವನ್ನಾದರೂ ವಿಮಾನದಲ್ಲಿ ಮಾಡಿಸುವುದು ಲೇಸು.

ಮೇಲ್ಛಾವಣಿ ತೆರೆಯುವ ನಾಲ್ಕು ಚಕ್ರ ಚಾಲನೆಯ ಲ್ಯಾಂಡ್ ಕ್ರೂಸರ್ ಬೇಕೆಂದು ಒಪ್ಪಂದದಲ್ಲಿ ನಮೂದಿಸಬೇಕು. ಸಫಾರಿ ವಾಹನ ಎಂದಷ್ಟೇ ಬರೆದರೆ ವ್ಯಾನ್ ಬಂದು ನಿಲ್ಲಬಹುದು. ವಾಹನಕ್ಕೆ ಐದಾರು ಮಂದಿಗಿಂತ ಹೆಚ್ಚಾದರೆ ಕಿಟಕಿ ಸಿಗದವರ ಅಸಮಾಧಾನ ಊರಿಗೆ ಮರಳಿದ ಮೇಲೂ ಉಳಿಯುತ್ತದೆ. ಅಲ್ಲಿನ ಪ್ರವಾಸ ಸಂಸ್ಥೆಯು ಕೀನ್ಯಾ ಅಸೋಸಿಯೇಶನ್ ಆಫ್ ಟೂರ್ ಆಪರೇಟರ್ಸ್‌ನ ಸದಸ್ಯನೇ ಎಂದು ವಿಚಾರಿಸಬಹುದು. ಮಾರ್ಗದರ್ಶಕರಿಗೆ ಅಲ್ಲಿನ ವೃತ್ತಿಸಂಘವು ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನದ ದರ್ಜೆ ನೀಡುತ್ತದೆ. ಒಳ್ಳೆಯ ಹಾಸಿಗೆಗೆ ಕೊಡುವ ಹೆಚ್ಚಿನ ಹಣಕ್ಕಿಂತ ಒಳ್ಳೆಯ ಮಾರ್ಗದರ್ಶಕನಿಗೆ ಕೊಡುವ ಹಣ ಸಾರ್ಥಕ.

ಲಸಿಕೆ ಮತ್ತು ಕಾಗದಪತ್ರ

ಅನೇಕ ತಂಡಗಳು ಎಡವುವುದು ಹಳದಿ ಜ್ವರದ ಲಸಿಕೆಯಲ್ಲಿ. ಭಾರತದಿಂದ ನೇರವಾಗಿ ಹೋಗುವವರನ್ನು ಕೀನ್ಯಾದವರು ಕೇಳಲಿ ಬಿಡಲಿ, ಮರಳಿ ಬರುವಾಗ ಭಾರತ ಸರ್ಕಾರ ಕೇಳುತ್ತದೆ. ಕೀನ್ಯಾ ಈ ರೋಗದ ಪ್ರದೇಶಗಳ ಪಟ್ಟಿಯಲ್ಲಿದೆ. ಪ್ರಮಾಣಪತ್ರವಿಲ್ಲದೆ ಬಂದಿಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇಡಬಹುದು. ಲಸಿಕೆ ಹಾಕಿಸಿ ಹತ್ತು ದಿನಗಳಾದ ಮೇಲಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಹೊರಡುವ ವಾರದಲ್ಲಿ ಓಡಾಡಿದರೆ ಪ್ರಯೋಜನವಿಲ್ಲ. ಕೇಂದ್ರ ಆರೋಗ್ಯ ಇಲಾಖೆ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಬೇಕು. ಇವುಗಳ ಸಂಖ್ಯೆ ಕಡಿಮೆ, ಮೊದಲೇ ದಿನ ಗೊತ್ತುಮಾಡಿಕೊಳ್ಳಬೇಕು. ಒಮ್ಮೆ ಹಾಕಿಸಿದರೆ ಜೀವನಪರ್ಯಂತ ಸಲ್ಲುತ್ತದೆ. 2016ಕ್ಕೆ ಮೊದಲು ಹತ್ತು ವರ್ಷಗಳ ಅವಧಿಯಿತ್ತು. 60 ವರ್ಷ ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಉಳ್ಳವರು ವೈದ್ಯರನ್ನು ಕಾಣದೆ ಮುಂಗಡ ಕೊಡಬಾರದು. ಮಲೇರಿಯಾ ತಡೆಯ ಮಾತ್ರೆಯ ವಿಷಯವನ್ನೂ ಅದೇ ಭೇಟಿಯಲ್ಲಿ ಕೇಳಬಹುದು.

ಕೀನ್ಯಾ 2024ರ ಜನವರಿಯಲ್ಲಿ ವೀಸಾ ಪದ್ಧತಿಯನ್ನು ಕೈಬಿಟ್ಟು ವಿದ್ಯುನ್ಮಾನ ಪ್ರಯಾಣ ಅನುಮತಿಯನ್ನು ಜಾರಿಗೊಳಿಸಿತು. ಮಕ್ಕಳೂ ಸೇರಿದಂತೆ ಪ್ರತಿಯೊಬ್ಬರೂ ಹೊರಡುವ ಮೊದಲೇ ಇದನ್ನು ಪಡೆಯಬೇಕು. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು. ವಿಮೆಯಲ್ಲಿ ತುರ್ತು ವಿಮಾನ ಸಾಗಣೆ ಸೇರಿರಬೇಕು. ದೊಡ್ಡ ಆಸ್ಪತ್ರೆಗಳು ಇರುವುದು ನೈರೋಬಿಯಲ್ಲಿ.

ತೆರಿಗೆಯ ಲೆಕ್ಕ

ವಿತರಕರನ್ನು ಸಂಸ್ಥೆಯ ಖರ್ಚಿನಲ್ಲಿ ಕರೆದೊಯ್ಯುವವರು ಮರೆಯಬಾರದ ಸಂಗತಿಯೊಂದಿದೆ. 2022ರ ಜುಲೈ 1ರಿಂದ ಜಾರಿಗೆ ಬಂದ ನಿಯಮದಂತೆ, ವ್ಯಾಪಾರ ಸಂಬಂಧದಲ್ಲಿ ಒಬ್ಬರಿಗೆ ವರ್ಷದಲ್ಲಿ 20,000 ರೂಪಾಯಿಗೆ ಮೀರಿದ ಪ್ರಯೋಜನ ನೀಡಿದರೆ ಶೇಕಡಾ 10ರಷ್ಟು ಟಿ.ಡಿ.ಎಸ್. ಸಲ್ಲಬೇಕು. ಪ್ರವಾಸವೂ ಇಂಥ ಪ್ರಯೋಜನವೇ. ತಲೆಗೆ ಎರಡೂವರೆ ಲಕ್ಷದ ಪ್ರವಾಸವೆಂದರೆ 25,000 ರೂಪಾಯಿ ತೆರಿಗೆ. ಪ್ರಯೋಜನ ನಗದಿನಲ್ಲಿ ಇಲ್ಲವಾದ್ದರಿಂದ ತೆರಿಗೆ ಕಟ್ಟಿದ್ದನ್ನು ಖಚಿತಪಡಿಸಿಕೊಂಡ ಮೇಲೆಯೇ ಪ್ರವಾಸ ಕೊಡಬೇಕು. ಸಂಸ್ಥೆಯೇ ಭರಿಸುವುದಾದರೆ ಆ ಹೊರೆ ಬಜೆಟ್ಟಿನಲ್ಲಿ ಇರಬೇಕು. ವಿತರಕನೇ ಭರಿಸುವುದಾದರೆ ಯೋಜನೆ ಪ್ರಕಟಿಸುವ ದಿನವೇ ತಿಳಿಸಬೇಕು. ಬಹುಮಾನವೆಂದು ಹೇಳಿ ನಂತರ ಹಣ ಕೇಳಿದರೆ ಸಂಬಂಧ ಕೆಡುತ್ತದೆ. ಹಿಂದಿನ ವರ್ಷದ ವಹಿವಾಟು 1 ಕೋಟಿ ಮೀರದ ವ್ಯಕ್ತಿಗಳಿಗೂ ಹಿಂದೂ ಅವಿಭಕ್ತ ಕುಟುಂಬಗಳಿಗೂ ಈ ಕಡಿತದ ಹೊಣೆಯಿಲ್ಲ.

ಇದಲ್ಲದೆ ಹೊರದೇಶದ ಪ್ರವಾಸ ಪ್ಯಾಕೇಜಿನ ಮೇಲೆ ಮೂಲದಲ್ಲಿ ತೆರಿಗೆ ವಸೂಲಿ 2020ರ ಅಕ್ಟೋಬರ್‌ನಿಂದ ಇದೆ. ದರ ಹಲವು ಸಲ ಬದಲಾಗಿದ್ದು, ಹಣ ಕಟ್ಟುವ ದಿನದ ದರವನ್ನು ಲೆಕ್ಕಪರಿಶೋಧಕರಿಂದ ತಿಳಿಯಬೇಕು. ಕಟ್ಟಿದ್ದು ರಿಟರ್ನ್‌ನಲ್ಲಿ ಜಮೆಯಾಗುತ್ತದೆ. ದರಪತ್ರ ಡಾಲರಿನಲ್ಲಿದ್ದರೆ ಮುಂಗಡ ಮತ್ತು ಬಾಕಿಯ ನಡುವಿನ ತಿಂಗಳುಗಳಲ್ಲಿ ರೂಪಾಯಿ ಇಳಿದರೆ ನಷ್ಟ ಯಾರದೆಂದು ಮೊದಲೇ ಬರೆಸಿಕೊಳ್ಳಬೇಕು.

ಅಲ್ಲಿನ ನಡವಳಿಕೆ

2018ರಲ್ಲಿ ಪ್ರಕಟವಾದ ಮಾರಾದ ಚೀತಾಗಳ ಅಧ್ಯಯನವೊಂದು ಪ್ರವಾಸಿ ವಾಹನಗಳ ದಟ್ಟಣೆ ಕಡಿಮೆಯಿರುವಲ್ಲಿ ತಾಯಿ ಚೀತಾ ಸರಾಸರಿ 2.3 ಮರಿಗಳನ್ನು ಬೆಳೆಸಿ ದೊಡ್ಡದು ಮಾಡುತ್ತದೆಂದೂ, ದಟ್ಟಣೆಯಿರುವಲ್ಲಿ ಆ ಸರಾಸರಿ 0.2 ಮಾತ್ರವೆಂದೂ ಕಂಡುಕೊಂಡಿತು. 2025ರ ಜುಲೈನಲ್ಲಿ ಸೆರೆಂಗೆಟಿಯ ಬದಿಯ ದಡದಲ್ಲಿ ಪ್ರವಾಸಿಗರು ವಾಹನಗಳಿಂದ ಇಳಿದು ಹಿಂಡಿನ ದಾರಿಗೆ ಅಡ್ಡ ನಿಂತ ದೃಶ್ಯಗಳು ಲೋಕವೆಲ್ಲ ಹರಡಿದವು. ಮಾರಾದ ನಿಯಮದಂತೆ ಒಂದು ಪ್ರಾಣಿಯ ಸುತ್ತ ಐದಕ್ಕಿಂತ ಹೆಚ್ಚು ವಾಹನ ನಿಲ್ಲುವಂತಿಲ್ಲ, 25 ಮೀಟರ್ ದೂರ ಬಿಡಬೇಕು. ನಿಯಮ ಮುರಿಯುವುದು ಚಾಲಕ, ಆದರೆ ಇನ್ನೂ ಹತ್ತಿರ ಹೋಗೆಂದು ಭಕ್ಷೀಸಿನ ಆಸೆ ತೋರಿಸುವವರು ಹಿಂದಿನ ಸೀಟಿನವರು. ಹಾಗೆ ಒತ್ತಾಯಿಸಬಾರದೆಂದು ತಂಡಕ್ಕೆ ಮೊದಲ ದಿನವೇ ತಿಳಿಹೇಳುವುದು ಸಂಘಟಕರ ಕೆಲಸ.

ಊಟದ ಚಿಂತೆ ಬೇಡ. 1896ರಲ್ಲಿ ಆರಂಭವಾದ ಉಗಾಂಡ ರೈಲುಮಾರ್ಗದ ಕೆಲಸದ ಕಾಲದಿಂದ ಭಾರತೀಯರು ಕೀನ್ಯಾದಲ್ಲಿ ನೆಲೆಸಿದ್ದಾರೆ; ನೈರೋಬಿಯಲ್ಲಿ ಸಸ್ಯಾಹಾರ ಸುಲಭ. ಮಾರಾದ ತಂಗುದಾಣಗಳಿಗೆ ಮುಂಚಿತವಾಗಿ ತಿಳಿಸಿದರೆ ಸಾಕು. ಚಟ್ನಿಪುಡಿ, ಚಕ್ಕುಲಿ ಒಯ್ಯುವವರು ಅವನ್ನು ಪ್ಲಾಸ್ಟಿಕ್ ಕ್ಯಾರಿಬ್ಯಾಗಿನಲ್ಲಿ ಕಟ್ಟಬಾರದು. ಕೀನ್ಯಾದಲ್ಲಿ 2017ರ ಆಗಸ್ಟ್‌ನಿಂದ ಆ ಚೀಲಗಳಿಗೆ ನಿಷೇಧವಿದ್ದು, ದಂಡ ಮತ್ತು ಸೆರೆವಾಸದ ಶಿಕ್ಷೆಯೂ ಉಂಟು. 2020ರ ಜೂನ್‌ನಿಂದ ರಕ್ಷಿತ ಪ್ರದೇಶಗಳೊಳಗೆ ಒಮ್ಮೆ ಬಳಸುವ ಪ್ಲಾಸ್ಟಿಕ್ ಸಾಮಾನುಗಳೂ ನಿಷಿದ್ಧ. ಬಟ್ಟೆಯ ಚೀಲ, ಸ್ಟೀಲಿನ ಡಬ್ಬಿ ಒಯ್ಯುವುದು ಕ್ಷೇಮ. ಮಾರಾ ಸಮುದ್ರಮಟ್ಟದಿಂದ 1,500 ಮೀಟರಿಗೂ ಎತ್ತರದಲ್ಲಿರುವುದರಿಂದ ಬೆಳಗಿನ ಆರು ಗಂಟೆಗೆ ತೆರೆದ ವಾಹನದಲ್ಲಿ ಸ್ವೆಟರು ಬೇಕೇ ಬೇಕು.