ಹೂವಿನ ಗುತ್ತಿಗೆ: ಲಾಭ ಬಾಡದಿರಲಿ

ಹೋಟೆಲಿನ ಸ್ವಾಗತಕಕ್ಷೆಯಲ್ಲಿ ನಿತ್ಯವೂ ತಾಜಾ ಹೂಗಳನ್ನು ಕಾಣುವ ಅತಿಥಿಗೆ ಅವುಗಳ ಹಿಂದಿರುವ ಲೆಕ್ಕ ಕಾಣುವುದಿಲ್ಲ. ಆದರೆ ಹೂ ಒದಗಿಸುವವರಿಗೆ ಅದು ಕಾಣಲೇಬೇಕು. ಬೆಂಗಳೂರಿನಲ್ಲಿ ಒಂದು ಹೋಟೆಲಿಗೂ ಎರಡು ಕಚೇರಿಗಳಿಗೂ ಪುಷ್ಪಾಲಂಕಾರ ಮಾಡುತ್ತಿದ್ದ ನಮ್ಮ ಗ್ರಾಹಕರೊಬ್ಬರು ವರ್ಷಾಂತ್ಯದಲ್ಲಿ ಲೆಕ್ಕಪುಸ್ತಕಗಳೊಂದಿಗೆ ಬಂದು, "ಸಾರ್, ಒಂದು ದಿನವೂ ಕೆಲಸ ತಪ್ಪಿಸಿಲ್ಲ, ಹಣ ಮಾತ್ರ ಉಳಿದಿಲ್ಲ" ಎಂದರು.

ಕಾರಣ ಸರಳವಾಗಿತ್ತು. ಅವರು ಹನ್ನೆರಡು ತಿಂಗಳಿಗೂ ಒಂದೇ ದರ ಒಪ್ಪಿ, ಕರಾರಿನಲ್ಲಿ 'ಕೆಂಪು ಗುಲಾಬಿ' ಎಂದೇ ಬರೆದುಕೊಟ್ಟಿದ್ದರು. ವರಮಹಾಲಕ್ಷ್ಮಿ, ದಸರಾ, ಮದುವೆಯ ಲಗ್ನಗಳು, ಫೆಬ್ರವರಿ 14 ಸಮೀಪಿಸಿದಾಗ ಮಾರುಕಟ್ಟೆಯ ದರ ಏರುವುದು ಎಲ್ಲರೂ ಬಲ್ಲ ಸಂಗತಿ. ಉದಾಹರಣೆಗೆ, ವಾರಕ್ಕೆ 300 ಗುಲಾಬಿ ಬೇಕೆಂದೂ ಸಾಧಾರಣ ದರ 8 ರೂ., ಹಬ್ಬದ ದರ 20 ರೂ. ಎಂದೂ ಭಾವಿಸೋಣ. ವಾರದ ಹೆಚ್ಚುವರಿ ವೆಚ್ಚ 3,600 ರೂ. ಇಂಥ 12 ವಾರಗಳಿಗೆ 43,200 ರೂ. ಸಾಧಾರಣ ದರದಲ್ಲಿ ತಿಂಗಳಿಗೆ 4,000 ರೂ. ಉಳಿಯುತ್ತಿದ್ದರೆ ವರ್ಷದ ಉಳಿತಾಯ 48,000 ರೂ. ಕೊನೆಗೆ ಕೈಗೆ ದಕ್ಕುವುದು ಕೇವಲ 4,800 ರೂ.

ಆದುದರಿಂದ ಕರಾರಿನಲ್ಲಿ ಹೂವಿನ ಹೆಸರಿಗೆ ಬದಲಾಗಿ ಅಲಂಕಾರದ ಎತ್ತರ, ಬಣ್ಣ, ತಾಜಾತನ ಹಾಗೂ ಬದಲಾವಣೆಯ ದಿನಗಳನ್ನು ನಮೂದಿಸುವುದು ಕ್ಷೇಮ. ಗುಲಾಬಿ ಹೂದಾನಿಯಲ್ಲಿ ಸುಮಾರು ಒಂದು ವಾರ ಬಾಳಿದರೆ, ಆಂಥೂರಿಯಂ ಎರಡು ವಾರಗಳಿಗೂ ಮಿಕ್ಕಿ ಬಾಳುತ್ತದೆ. ದುಬಾರಿ ವಾರಗಳಲ್ಲಿ ಇಂಥ ಹೂ ಮತ್ತು ಹಸಿರೆಲೆಗಳನ್ನು ಬಳಸುವ ಸ್ವಾತಂತ್ರ್ಯವನ್ನು ಕರಾರಿನಲ್ಲಿಯೇ ಪಡೆದಿರಬೇಕು. ಊಟದ ಮೇಜಿಗೆ ತೀವ್ರ ಪರಿಮಳದ ಹೂ ಸಲ್ಲದು. ಲಿಲ್ಲಿಯ ಪರಾಗ ಮೇಜುವಸ್ತ್ರಕ್ಕೆ ಕಲೆ ಮಾಡುತ್ತದೆ. ಹವಾನಿಯಂತ್ರಕದ ಗಾಳಿ ನೇರವಾಗಿ ತಗಲುವಲ್ಲಿ ಹೂ ಬೇಗ ಬಾಡುತ್ತದೆ. ಇಂಥ ಪ್ರತಿಯೊಂದು ತಪ್ಪೂ ಮರುಭರ್ತಿಯ ವೆಚ್ಚವಾಗಿ ಲೆಕ್ಕಕ್ಕೆ ಬರುತ್ತದೆ.

ಇನ್ನು ತೆರಿಗೆ. ತಾಜಾ ಹೂವಿನ ಬರಿಯ ಮಾರಾಟಕ್ಕೆ ಜಿ.ಎಸ್.ಟಿ. ಇಲ್ಲ. ಆದರೆ ವಿನ್ಯಾಸ, ಜೋಡಣೆ, ನಿರ್ವಹಣೆಗಳು ಒಂದೇ ಗುತ್ತಿಗೆಯಲ್ಲಿ ಸೇರಿ ಅಲಂಕಾರ ಸೇವೆಯೇ ಪ್ರಧಾನವಾದಾಗ ಇಡೀ ಮೊತ್ತಕ್ಕೆ ಶೇ. 18ರ ತೆರಿಗೆ ತಗಲುತ್ತದೆ. ಸೇವೆ ನೀಡುವವರಿಗೆ ನೋಂದಣಿಯ ಮಿತಿ 20 ಲಕ್ಷ ರೂ.; ತೆರಿಗೆಯಿಲ್ಲದ ಹೂವಿನ ಮಾರಾಟವೂ ಈ ಒಟ್ಟು ವಹಿವಾಟಿನಲ್ಲಿ ಸೇರುತ್ತದೆ. ದಿನಕ್ಕೆ 7,500 ರೂ. ಮೀರದ ಕೊಠಡಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ಹೂಡುವಳಿ ತೆರಿಗೆ ಜಮೆಯಿಲ್ಲದ ಶೇ. 5ರ ದರ ಜಾರಿಯಲ್ಲಿದೆ. ಅಂಥ ಹೋಟೆಲಿಗೆ ನಿಮ್ಮ ತೆರಿಗೆಯೂ ಖರ್ಚೇ ಆದ್ದರಿಂದ ದರ ಹೇಳುವಾಗಲೇ ತೆರಿಗೆ ಪ್ರತ್ಯೇಕವೆಂದು ಬರೆಯಿರಿ.

ಕಡೆಯದಾಗಿ ಪಾವತಿ. ಉದ್ಯಮ್ ನೋಂದಣಿಯುಳ್ಳ ಸೂಕ್ಷ್ಮ ಮತ್ತು ಸಣ್ಣ ಸೇವಾ ಘಟಕಗಳಿಗೆ 2006ರ ಕಾಯಿದೆಯಂತೆ ಲಿಖಿತ ಕರಾರಿದ್ದರೂ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಬೇಕು. ಕೇವಲ ವರ್ತಕರೆಂದು ನೋಂದಾಯಿಸಿದವರಿಗೆ ಈ ರಕ್ಷಣೆಯಿಲ್ಲ.

ನಮ್ಮ ಗ್ರಾಹಕರು ಈಗ ಹಬ್ಬದ ವಾರಗಳಿಗೆ ಬೇರೆ ದರಪಟ್ಟಿ ಇಟ್ಟುಕೊಂಡು ಹೊಸ ಕರಾರು ಮಾಡಿಕೊಂಡಿದ್ದಾರೆ. ಒಂದು ಕಚೇರಿ ಒಪ್ಪದೆ ಕೈಬಿಟ್ಟಿತು. ಅದರಿಂದ ನಷ್ಟವಾಗಲಿಲ್ಲವೆಂಬುದನ್ನು ಅವರ ಲೆಕ್ಕಪುಸ್ತಕವೇ ಹೇಳುತ್ತಿದೆ.