ಒಳ್ಳೆಯ ಬರವಣಿಗೆ ಸಾಹಿತಿಗಳಿಗೆ ಮಾತ್ರ ಬೇಕೇ?

"ನಾನೇನು ಕಥೆ ಬರೀಬೇಕಾ? ಕೆಲಸ ಗೊತ್ತಿದ್ದರೆ ಸಾಕು." ಇಂಜಿನಿಯರ್, ನರ್ಸ್, ಗುಮಾಸ್ತ, ಹೀಗೆ ಅನೇಕರು ಹೇಳುವ ಮಾತಿದು. ಇದು ನಿಜವೇ?

ಒಂದು ಉದಾಹರಣೆ ನೋಡೋಣ. ಶಹಾಪುರ ತಾಲ್ಲೂಕಿನ ಹೊಲಗಳಿಗೆ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬರುತ್ತದೆ. ಅಂತಹ ಕಾಲುವೆಯೊಂದರ ಏರಿಯಲ್ಲಿ ನೀರು ಜಿನುಗುವುದನ್ನು ಸಿಬ್ಬಂದಿಯೊಬ್ಬರು ಕಂಡರು ಎಂದುಕೊಳ್ಳಿ. ಅವರು ಮೇಲಧಿಕಾರಿಗೆ ಹೀಗೆ ಬರೆಯಬಹುದು: "ಕಾಲುವೆಯಲ್ಲಿ ಸಮಸ್ಯೆ ಕಂಡುಬಂದಿದ್ದು, ಸೂಕ್ತ ಕ್ರಮ ಕೈಗೊಳ್ಳಲು ಕೋರಿದೆ."

ವ್ಯಾಕರಣ ಸರಿಯಾಗಿದೆ. ಆದರೆ ಎಲ್ಲಿ? ಯಾವಾಗಿನಿಂದ? ಏನು ಮಾಡಬೇಕು? ಒಂದಕ್ಕೂ ಉತ್ತರವಿಲ್ಲ. ಈಗ ಇದನ್ನು ಓದಿ: "12ನೇ ಕಿ.ಮೀ. ಬಳಿ ಎಡ ಏರಿಯಲ್ಲಿ ಬೆಳಿಗ್ಗೆ 6 ಗಂಟೆಯಿಂದ ನೀರು ಜಿನುಗುತ್ತಿದೆ, ಹೆಚ್ಚಾಗುತ್ತಿದೆ. ಇಂದೇ ನೀರಿನ ಹರಿವು ತಗ್ಗಿಸಿ, ಮರಳಿನ ಚೀಲ ಕಳುಹಿಸಬೇಕು. ಏರಿ ಒಡೆದರೆ ಕೆಳಗಿನ ಭತ್ತದ ಗದ್ದೆಗಳು ಹಾಳಾಗುತ್ತವೆ." ಮೊದಲ ಪತ್ರ ಕಡತದಲ್ಲಿ ಕೂರುತ್ತದೆ, ಎರಡನೆಯದು ಜನರನ್ನು ಕಾಲುವೆಗೆ ಕಳುಹಿಸುತ್ತದೆ.

ಅಸ್ಪಷ್ಟ ಬರಹದಿಂದ ಎಂತಹ ಅಪಾಯವಾಗಬಹುದು? 2003ರ ಜನವರಿಯಲ್ಲಿ ಕೊಲಂಬಿಯಾ ನೌಕೆ ಮೇಲೇರುವಾಗ ಇಂಧನ ಟ್ಯಾಂಕಿನ ಫೋಮ್ ತುಂಡೊಂದು ಅದರ ಎಡ ರೆಕ್ಕೆಗೆ ಬಡಿಯಿತು. ಇಂಜಿನಿಯರುಗಳು ಅಪಾಯವನ್ನು ಅಂದಾಜಿಸಿ ಸ್ಲೈಡುಗಳನ್ನು ಸಿದ್ಧಪಡಿಸಿದರು. ಒಂದು ಸ್ಲೈಡಿನ ತಲೆಬರಹ ಧೈರ್ಯ ತುಂಬುವಂತಿತ್ತು. ಬಡಿದ ತುಂಡು ಹಿಂದೆ ಪರೀಕ್ಷಿಸಿದ ತುಂಡಿಗಿಂತ 600 ಪಟ್ಟಿಗೂ ದೊಡ್ಡದು ಎಂಬುದಕ್ಕೆ ಆಧಾರವಾದ ಅಂಕಿಗಳು ಮಾತ್ರ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿದ್ದವು. ಫೆಬ್ರುವರಿ 1ರಂದು ನೌಕೆ ಛಿದ್ರವಾಗಿ ಕಲ್ಪನಾ ಚಾವ್ಲಾ ಸೇರಿದಂತೆ 7 ಮಂದಿ ಸಾವನ್ನಪ್ಪಿದರು. ಬರವಣಿಗೆಯೊಂದೇ ಇದಕ್ಕೆ ಕಾರಣವಲ್ಲ. ಆದರೆ ಆ ಸ್ಲೈಡನ್ನು ಓದಿದ ಹಿರಿಯ ಅಧಿಕಾರಿಗೆ ಇದು ಜೀವದ ಪ್ರಶ್ನೆ ಎಂದು ತಿಳಿಯದೇ ಹೋಗಬಹುದು ಎಂದು ತನಿಖಾ ಮಂಡಳಿ ಹೇಳಿತು.

ಜಾಣರೂ ಹೀಗೇಕೆ ಬರೆಯುತ್ತಾರೆ? 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಲಿಜಬೆತ್ ನ್ಯೂಟನ್ ಒಂದು ಪ್ರಯೋಗ ಮಾಡಿದರು. ಕೆಲವರು ಪರಿಚಿತ ಹಾಡಿನ ತಾಳವನ್ನು ಮೇಜಿನ ಮೇಲೆ ಕುಟ್ಟಬೇಕು, ಕೇಳುವವರು ಹಾಡು ಯಾವುದೆಂದು ಹೇಳಬೇಕು. ಅರ್ಧದಷ್ಟಾದರೂ ಗೊತ್ತಾಗುತ್ತದೆ ಎಂದು ಕುಟ್ಟುವವರು ನಂಬಿದ್ದರು. 120 ಹಾಡುಗಳಲ್ಲಿ ಕೇಳುಗರು ಗುರುತಿಸಿದ್ದು ಕೇವಲ 3! ಕುಟ್ಟುವವರ ತಲೆಯಲ್ಲಿ ಇಡೀ ಹಾಡು ಇರುತ್ತದೆ, ಕೇಳುವವರಿಗೆ ಸಿಗುವುದು ಟಕ್ ಟಕ್ ಸದ್ದು ಮಾತ್ರ. ಬರೆಯುವಾಗಲೂ ಹೀಗೆಯೇ. ನಮಗೆ ಗೊತ್ತಿರುವುದು ಓದುವವರಿಗೂ ಗೊತ್ತಿದೆ ಎಂದುಕೊಂಡುಬಿಡುತ್ತೇವೆ.

ಹಾಗಾದರೆ ಏನು ಮಾಡಬೇಕು?

• ಮುಖ್ಯ ಸಂಗತಿಯನ್ನು ಮೊದಲ ಸಾಲಿನಲ್ಲೇ ಹೇಳಿ.
• ಸ್ಥಳ, ಸಮಯ, ಅಳತೆ ಬರೆಯಿರಿ.
• ಯಾರು, ಯಾವಾಗ, ಏನು ಮಾಡಬೇಕೆಂದು ತಿಳಿಸಿ.
• ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ. ಅವರು ಎಲ್ಲಿ ತಡೆದು ನಿಲ್ಲುತ್ತಾರೋ ಅಲ್ಲಿ ತಿದ್ದಿ.

ಕಠಿಣ ಪದ, ಉದ್ದ ವಾಕ್ಯ ಅಥವಾ ಇಂಗ್ಲಿಷ್ ಇದ್ದರೆ ಅದು ಒಳ್ಳೆಯ ಬರವಣಿಗೆ ಎನ್ನುವುದೂ ತಪ್ಪು ಕಲ್ಪನೆಯೇ. ಓದಿದವರು ಮತ್ತೆ ಫೋನ್ ಮಾಡಿ ಕೇಳದೇ ಕೆಲಸ ಶುರು ಮಾಡಿದರೆ, ನೀವು ಚೆನ್ನಾಗಿ ಬರೆದಿದ್ದೀರಿ ಎಂದೇ ಅರ್ಥ.